ಳಕಾರದ ಖಾನೆ

ಮಂಗಳವಾರ, ಹನ್ನೊಂದು ಗಂಟೆ, ಜಿಲ್ಲಾಡಳಿತ ಭವನ, ಗದಗ.
ವಿಷಯ: ಇಲಾಖೆಗಳ ತಂತ್ರಾಂಶಗಳ ಸಮನ್ವಯ.
ಹಾಜರಿ: ಹದಿನಾಲ್ಕು ಇಲಾಖೆ, ಹದಿನಾಲ್ಕು ಲ್ಯಾಪ್‌ಟಾಪು,
ಒಂದೇ ಪ್ಲಗ್ ಪಾಯಿಂಟು.
ಆಹಾರದವರು ಕಿತ್ತರು, ಕಂದಾಯದವರು ಹಚ್ಚಿದರು,
ಕಂದಾಯದವರದ್ದು ಕಿತ್ತು ಹೆಸ್ಕಾಂನವರು.
ಹೆಸ್ಕಾಂಗೇ ಕರೆಂಟಿಲ್ಲ ನೋಡ್ರಿ, ಅಂತ ಯಾರೋ ನಕ್ಕರು.
ನಾನು ನಡಾವಳಿ ಬರೆಯುವವ. ನಗುವಿಗೆ ಕಾಲಮ್ಮಿಲ್ಲ.

ಒಂದೊಂದು ಇಲಾಖೆಗೂ ಒಂದೊಂದು ತಂತ್ರಾಂಶ,
ಒಂದೊಂದಕ್ಕೂ ಬೇರೆ ಬೇರೆ ಗುತ್ತಿಗೆದಾರ,
ಒಬ್ಬನ ಕೀಲಿಕೈ ಇನ್ನೊಬ್ಬನ ಕೀಲಿಗೆ ಹೊಂದುವುದಿಲ್ಲ.
ಮೊದಲು ಅವರು ತೆರೆಯಲಿ, ಆಮೇಲೆ ನಾವು.
ನಾವು ತೆರೆದೇ ಇದ್ದೇವೆ, ಅವರೇ ಒಳಗೆ ಬರವಲ್ಲರು.
ಪಶುಸಂಗೋಪನೆಯವರು ಮಾತ್ರ ಸುಮ್ಮನೆ ಕೂತಿದ್ದರು.
ಅವರ ಎಮ್ಮೆಗಳ ಕಿವಿಗೆ ಹನ್ನೆರಡಂಕಿಯ ಹಳದಿ ಬಿಲ್ಲೆ,
ಒಂದಕ್ಕೂ ಎರಡು ಹೆಸರಿಲ್ಲ.

ಉದಾಹರಣೆಗೆಂದು ಕರೆಸಿದ್ದರು ಒಬ್ಬಾಕೆಯನ್ನು:
ಕಳಕವ್ವ ಕೊಣ್ಣೂರ, ಎಪ್ಪತ್ತೆರಡು, ಬೆಟಗೇರಿ,
ಪಿಂಚಣಿ ನಿಂತು ಆರು ತಿಂಗಳು.
ಪಡಿತರದಲ್ಲಿ ಆಕೆ ಕಲಕವ್ವ ಕೊನ್ನೂರ,
ಖಜಾನೆಯಲ್ಲಿ ಕಾಲಕವ್ವ,
ನಗರಸಭೆಯಲ್ಲಿ ಕಲಕಾವ ಕೋನೂರು,
ಬ್ಯಾಂಕಿನಲ್ಲಿ ಬರೀ ಕೆ. ಕೆ.
ಇಂಗ್ಲಿಷ್ ಅಕ್ಷರದ ಗಿರಣಿಗೆ ಸುರಿದು
ಮತ್ತೆ ಕನ್ನಡದ ಚೀಲಕ್ಕೆ ತುಂಬಿಕೊಂಡಾಗ
ಜೋಳ ಹಾಕಿದವರಿಗೆ ಸಿಕ್ಕದ್ದು ಜೋಲ.
ಳ ಎಲ್ಲಿ ಉದುರಿತು, ಣ ಯಾವ ಮೇಜಿನ ಕೆಳಗೆ ಹೋಯಿತು,
ಯಾವ ಇಲಾಖೆಯೂ ಬಗ್ಗಿ ನೋಡಲಿಲ್ಲ.

ಸಾಹೇಬರು ಮೆತ್ತಗೆ ಕೇಳಿದರು:
ನಿಮ್ಮ ಹೆಸರೇನವ್ವಾ?
ಆಕೆ ಸೆರಗು ಸರಿಮಾಡಿಕೊಂಡು
ಹದಿನಾಲ್ಕೂ ಮುಖ ನೋಡಿದಳು.
ಯಾವ ಆಫೀಸಿಗಿ ಬೇಕ್ರಿ?

ಆಮೇಲೆ ಚಹಾ ಬಂತು, ಬದನಿಕಾಯಿ ಬಜಿ ಬಂತು.
ಗೋಡೆಯ ಬಾಕಿನ ಮೇಲೆ ನನ್ನ ಪಕ್ಕ ಕೂತು ಹೇಳಿದಳು:
ಮೂವತ್ತೊಂದು ವರ್ಷ ಛಾಪಖಾನಿಯೊಳಗ ಇದ್ದೆ ತಮ್ಮಾ,
ಅಚ್ಚಾದ ಮ್ಯಾಲೆ ಮೊಳಿ ಬಿಚ್ಚಿ ಖಾನಿಗೆ ಹಾಕೂದು.
ಲಗ್ನಪತ್ರಿಕಿ, ಪಂಚಾಂಗ, ಸೊಸೈಟಿ ವರದಿ, ತಿಥಿ ಕಾರ್ಡು
ಬಿಚ್ಚಿದ ಮ್ಯಾಲೆ ಎಲ್ಲಾ ಒಂದ ಕೇಸಿಗಿ.
ಓದಾಕ ಬರ್ತಿದ್ದಿಲ್ಲ, ಬೆರಳಿಗೆ ಬರ್ತಿತ್ತು.
ಕನ್ನಡ ನನಗ ತಿರುವಿದ್ದಷ್ಟ ಗೊತ್ತು.
ಲ ಎಡಕ. ಳ ಬಲಕ, ಕೆಳಗಿನ ಮೂಲಿ.
ಒಂದ ಳ ಲದಾಗ ಬಿತ್ತಂದ್ರ
ಮರುದಿನ ಯಾರದೋ ಮಗಳು ಮಗಲು ಆಕ್ಕಿದ್ಲು,
ಮಾಲಕರು ನನ್ನ ಪಗಾರ ಕಡೀತಿದ್ರು.
ಇಲ್ಲಿ ಯಾರದು ಕಡೀತಾರ?

ಬರೆದುಕೊಂಡೆ. ಹೊಡೆದುಹಾಕಿದೆ.
ಕಾರ್ಯಸೂಚಿಯಲ್ಲಿ ಅದು ಇರಲಿಲ್ಲ.

ಎರಡು ಗಂಟೆಗೆ ಸಭೆ ನಿರ್ಣಯಿಸಿತು:
ಒಂದು ಉಪಸಮಿತಿಯನ್ನು ರಚಿಸತಕ್ಕದ್ದು.
ಹೆಸರಿನ ಮೂಲ ಪ್ರತಿ ಯಾರದೆಂದು ಸದರಿ ಸಮಿತಿಯೇ ಹೇಳತಕ್ಕದ್ದು.
ಅಲ್ಲಿಯವರೆಗೆ ಯಥಾಸ್ಥಿತಿ.
ಎದ್ದ ಸಾಹೇಬರು ಏನೋ ನೆನಪಾಗಿ ಮತ್ತೆ ಕೂತರು,
ಖಜಾನೆಗೆ ಕೈಯಾರೆ ಒಂದು ಚೀಟಿ ಬರೆದರು.
ಆ ದಿನ ಒಂದು ಇಲಾಖೆಯಿಂದ ಇನ್ನೊಂದಕ್ಕೆ
ದಾಟಿದ್ದು ಅದೊಂದೇ.

ಆಕೆಗೆ ಕೊಡುವಾಗ ನೋಡಿದೆ.
ಅವಸರದಲ್ಲಿ ಸಾಹೇಬರೂ ಬರೆದಿದ್ದರು: ಕಲಕವ್ವ.

ಆಕೆ ಚೀಟಿಯ ಮೇಲೆ ಬೆರಳಾಡಿಸಿದಳು.
ನೀಲಿ ಮಸಿ. ಮೊಳೆಯಂತೆ ಕೈಗೆ ಹತ್ತುವುದಿಲ್ಲ.
ಪ್ರಥಮ ದರ್ಜೆ ಸಹಾಯಕನಿಗೆ ತಿದ್ದುವ ಅಧಿಕಾರವಿಲ್ಲ.
ಪೆನ್ನು ತೆಗೆದು ಲದ ಮೇಲೆ ಒತ್ತಿ ಒಂದು ಳ ಕೂರಿಸಿದೆ.
ಖಜಾನೆಯ ಯಂತ್ರಕ್ಕೆ ಅದು ಹೊಂದುತ್ತದೋ ಇಲ್ಲವೋ,
ಕಾಲಕವ್ವನೇ ಬೇಕು ಅಂತ ಹಟ ಹಿಡಿದರೂ ಹಿಡಿದೀತು.

ಗೇಟಿನವರೆಗೆ ಕಳಿಸಿ ಬಂದೆ.
ಮುಳಗುಂದ ನಾಕಾಕ್ಕೆ ಹೋಗುವ ಬಸ್ಸು ನಿಂತಿತ್ತು,
ಹಣೆಯ ಬೋರ್ಡಿನಲ್ಲಿ ಕೆಂಪು ಅಕ್ಷರ
ಬಲದಿಂದ ಎಡಕ್ಕೆ ಓಡುತ್ತಿದ್ದವು.
ಊರಿನ ಹೆಸರು ಬರುವ ಹೊತ್ತಿಗೆ
ನಾನು ಬೆನ್ನು ತಿರುಗಿಸಿದ್ದೆ.